ಕಾರ್ಮೆಲ್ ಬೆಟ್ಟ ಹತ್ತಿದ ಕುದುರೆಗಳು

ಹಂಪಿಗೆ ಒಳ್ಳೆಯ ಕುದುರೆ ಬರುತ್ತಿದ್ದುದು ಸಮುದ್ರದ ಮೇಲಿಂದ. ಅರಬರ ನಾಡಿನ, ಪರ್ಶಿಯಾದ ಕುದುರೆಗಳನ್ನು ಹೊರ್ಮುಜ್‌ನಲ್ಲಿ ಹಡಗಿಗೆ ಏರಿಸಿ, ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ ಇಳಿಸಿ, ಘಟ್ಟ ಹತ್ತಿಸಿ ತುಂಗಭದ್ರೆಯ ದಂಡೆಗೆ ತರುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ವಿಜಯನಗರದ ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಬರೆದವನು ಅವನೇ. ಸಾಳುವ ನರಸಿಂಹನ ಕಾಲದಲ್ಲಂತೂ ಹಡಗಿನಲ್ಲೇ ಸತ್ತ ಕುದುರೆಗೂ ಹಣ ಸಿಗುತ್ತಿತ್ತಂತೆ. ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕಿತ್ತು. ಕುದುರೆಗಾಗಿ ಒಂದು ರಾಜ್ಯ ಎಷ್ಟು ಹಾತೊರೆಯುತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ, ಹಜಾರರಾಮ ಗುಡಿಯ ಹೊರಗೋಡೆಯಲ್ಲಿ, ವಿಠ್ಠಲ ದೇವಸ್ಥಾನದ ಜಗಲಿಯಲ್ಲಿ ಆ ಕುದುರೆಗಳು ಇಂದಿಗೂ ಸಾಲಾಗಿ ನಡೆಯುತ್ತಿವೆ. ಕೆಲವಕ್ಕೆ ಪರದೇಶಿ ಉಡುಪಿನವರು ಲಗಾಮು ಹಿಡಿದಿದ್ದಾರೆ. ನಾನು ಹೊಸಪೇಟೆಯ ಜಟಕಾ ಹೊಡೆಯುವವರ ಮಗ. ನಮ್ಮ ಊರಿನ ಹೈಸ್ಕೂಲಿನಲ್ಲಿ ಬಹಳ ವರ್ಷ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು. ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋದಾಗಲೆಲ್ಲ ಅವರು ರಾಜನ ಆಕೃತಿ ಹುಡುಕುತ್ತಿದ್ದರೆ ನನ್ನ ಕಣ್ಣು ಕುದುರೆಯ ಬಾಯಿಯ ಕಡಿವಾಣದ ಮೇಲೆ, ಮುಂಗಾಲಿನ ಎತ್ತುವಿಕೆಯ ಮೇಲೆ, ಅದನ್ನು ಹಿಡಿದ ಸೈಸನ ಮುಷ್ಟಿಯ ಮೇಲೆ ನಿಲ್ಲುತ್ತಿತ್ತು. ಶಿಲ್ಪಿಗೆ ಕುದುರೆ ಗೊತ್ತಿತ್ತು. ಹೆದರಿದ ಕುದುರೆಯ ಕಿವಿ ಹೇಗೆ ಹಿಂದಕ್ಕೆ ಮಲಗುತ್ತದೆ ಎಂದು ನೋಡದೇ ಇದ್ದವನಿಗೆ ಹಾಗೆ ಕೆತ್ತಲು ಬರುವುದಿಲ್ಲ.

ನಮ್ಮ ಸೀಮೆಯ ಕಥೆಗಳಲ್ಲೆಲ್ಲ ಕುದುರೆ ಇದೆ. ಕಂಪ್ಲಿಯ ಕುಮಾರರಾಮನನ್ನು ನೆನೆಯುವವರು ಅವನ ಬೊಲ್ಲನನ್ನೂ ನೆನೆಯುತ್ತಾರೆ. ಸಂಡೂರನ್ನು ಆಳಿದ ಘೋರ್ಪಡೆ ಮನೆತನ ಬಂದದ್ದೇ ಮರಾಠರ ಕುದುರೆಪಡೆಯಿಂದ. ಆ ವಂಶದ ಮುರಾರಿರಾವ್ ಘೋರ್ಪಡೆಯ ಸವಾರರಿಗಾಗಿ ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರು, ಫ್ರೆಂಚರು, ನವಾಬರು ಎಲ್ಲರೂ ಕಾದು ನಿಲ್ಲುತ್ತಿದ್ದರು. ಹೀಗೆ ಹೊರಗಿನಿಂದ ಕುದುರೆ ತರಿಸಿಕೊಳ್ಳುತ್ತಲೇ ಬಂದ ಕನ್ನಡ ನಾಡಿನಿಂದ 1914ರಲ್ಲಿ ಒಂದು ಇಡೀ ಕುದುರೆ ದಂಡು ಹಡಗು ಹತ್ತಿ ಪಶ್ಚಿಮಕ್ಕೆ ಹೋಯಿತು. ಅರಬಸ್ತಾನದಾಚೆ, ಈಜಿಪ್ಟಿಗೆ, ಪ್ಯಾಲೆಸ್ಟೈನಿಗೆ. ನಾನು ಹೇಳಹೊರಟಿರುವುದು ಆ ದಂಡಿನ ಕಥೆ, ಮೈಸೂರು ಲ್ಯಾನ್ಸರ್ಸ್ ಕಥೆ.

ಈ ಕಥೆಯ ಹಿಂದೆ ಬೀಳುವಂತೆ ಮಾಡಿದವರು ಆಸ್ಟ್ರೇಲಿಯಾದ ಒಬ್ಬ ಹೆಣ್ಣುಮಗಳು. ವಿಠ್ಠಲ ದೇವಸ್ಥಾನಕ್ಕೆ ಹೋಗುವ ದಾರಿಯ ಕುದುರೆಗೊಂಬೆ ಮಂಟಪದಲ್ಲಿ, ಹಿಂಗಾಲ ಮೇಲೆ ಎದ್ದು ನಿಂತ ಕಲ್ಲಿನ ಕುದುರೆಗಳನ್ನು ನೋಡುತ್ತ ಅವರು ತಮ್ಮ ಮುತ್ತಜ್ಜ ಕುದುರೆ ಸೈನಿಕನಾಗಿದ್ದ ಎಂದರು. ಫೋನು ತೆಗೆದು ಅವನ ಸೇವಾ ದಾಖಲೆ ತೋರಿಸಿದರು. ಸೇರಿದ ದಿನಾಂಕ, ವಯಸ್ಸು, ಎತ್ತರ, ಕಣ್ಣಿನ ಬಣ್ಣ, ಯಾವ ಹಡಗು, ಯಾವಾಗ ಜ್ವರ ಬಂತು, ಯಾವ ಆಸ್ಪತ್ರೆ, ಎಷ್ಟು ಸಂಬಳ, ತಪ್ಪಿಗೆ ಎಷ್ಟು ದಂಡ, ಎಲ್ಲವೂ ಅದರಲ್ಲಿತ್ತು. ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರ ಮೊದಲ ಮಹಾಯುದ್ಧದ ತನ್ನ ಸೈನಿಕರ ಕಡತಗಳನ್ನು ಹೀಗೆ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. “ನಿಮ್ಮ ಕಡೆಯವರೂ ಅಲ್ಲೇ ಇದ್ದರಲ್ಲ, ಅದೇ ದಂಡಿನಲ್ಲಿ?” ಎಂದು ಆಕೆ ಕೇಳಿದಾಗ ನನಗೆ ಹೇಳಲು ಒಂದು ರೆಜಿಮೆಂಟಿನ ಹೆಸರಿತ್ತು, ಒಂದು ಊರಿನ ಹೆಸರಿತ್ತು. ಸವಾರನೊಬ್ಬನ ಹೆಸರು ಇರಲಿಲ್ಲ.

ಆಸ್ಟ್ರೇಲಿಯಾದವರ ‘ಲೈಟ್ ಹಾರ್ಸ್’ ಎಂದರೆ ಹಳೆಯ ಅರ್ಥದ ಅಶ್ವದಳವಲ್ಲ. ಕುದುರೆಯ ಮೇಲೆ ಹೋಗಿ, ಕೆಳಗಿಳಿದು, ಬಂದೂಕು ಹಿಡಿದು ಕಾದುವ ಪಡೆ ಅದು. ನಾಲ್ಕು ಮಂದಿಯ ಒಂದು ತಂಡ. ಮೂವರು ಕಾದಾಡುವಾಗ ನಾಲ್ಕನೆಯವನು ನಾಲ್ಕೂ ಕುದುರೆಗಳ ಲಗಾಮು ಹಿಡಿದು ಮರೆಯಲ್ಲಿ ನಿಲ್ಲಬೇಕು. ಹೆಚ್ಚಿನವರು ಕುರಿ, ದನ ಕಾಯುವ ವಿಶಾಲ ಸೀಮೆಯ ಹುಡುಗರು, ಜೀನಿನ ಮೇಲೇ ಬೆಳೆದವರು. 1915ರಲ್ಲಿ ಗ್ಯಾಲಿಪೊಲಿಯಲ್ಲಿ ಅವರನ್ನು ಕುದುರೆಯಿಲ್ಲದೆ ಕಂದಕಕ್ಕೆ ಇಳಿಸಿದರು. ಆಮೇಲೆ ಸಿನಾಯ್ ಮರುಭೂಮಿಯಲ್ಲಿ ಮತ್ತೆ ಕುದುರೆ ಸಿಕ್ಕಿತು. 1917ರ ಅಕ್ಟೋಬರ್ 31ರ ಸಂಜೆ ಬೀರ್‌ಶೆಬಾ ಎಂಬಲ್ಲಿ ಸುಮಾರು 800 ಮಂದಿ, ಕೈಯಲ್ಲಿ ಕತ್ತಿ ಇಲ್ಲದೆ ಬಂದೂಕಿನ ಬಾಯನೆಟ್ಟನ್ನೇ ಕತ್ತಿಯಂತೆ ಹಿಡಿದು, ಬಯಲಿನಲ್ಲಿ ನಾಗಾಲೋಟದಲ್ಲಿ ನುಗ್ಗಿ ತುರ್ಕರ ಕಂದಕಗಳನ್ನು ಹಾರಿ ಊರು ಹಿಡಿದರು. ಸತ್ತವರು 31. ಅವರು ಹಾಗೆ ನುಗ್ಗಲೇಬೇಕಾಗಿದ್ದ ಕಾರಣ ಆ ಊರಿನ ಬಾವಿಗಳು. ಎಷ್ಟೋ ಕುದುರೆಗಳು ಎರಡು ದಿನದಿಂದ ನೀರು ಕಂಡಿರಲಿಲ್ಲ.

ಆ ಕುದುರೆಗಳ ತಳಿಗೆ ವೇಲರ್ ಎನ್ನುತ್ತಾರೆ. ಇವಕ್ಕೂ ನಮಗೂ ಹಳೆಯ ನಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಅರಬ್ ಕುದುರೆಯ ಜಾಗಕ್ಕೆ ಬಂದದ್ದೇ ಈ ಆಸ್ಟ್ರೇಲಿಯಾದ ಕುದುರೆ. 1824ರಲ್ಲಿ ಶಿರಾಜ್‌ನಿಂದ ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದು ನೆಲೆಸಿದ ಆಗಾ ಅಲಿ ಅಸ್ಕರ್ ಹಳೆಯ ದಾರಿಯ ಕೊನೆಯ ದೊಡ್ಡ ವ್ಯಾಪಾರಿಗಳಲ್ಲಿ ಒಬ್ಬರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. ಅದೇ ಶತಮಾನದಲ್ಲಿ ಹಡಗುಗಟ್ಟಲೆ ವೇಲರುಗಳು ಮದ್ರಾಸು, ಕಲ್ಕತ್ತಾ ಬಂದರುಗಳಿಗೆ ಇಳಿಯತೊಡಗಿದವು. ಹೊಸೂರಿನ ಬಳಿ ಮತ್ತಿಗಿರಿಯಲ್ಲಿ ಸೈನ್ಯದ ಕುದುರೆಗಳನ್ನು ಸಾಕಿ ಪಳಗಿಸುವ ದೊಡ್ಡ ಲಾಯವಿತ್ತು. ನಮ್ಮ ನಾಡಿನ ದಂಡುಗಳು ಓಡಾಡಿದ್ದು ಬಹುಪಾಲು ಇಂಥ ಕುದುರೆಗಳ ಬೆನ್ನಿನ ಮೇಲೆ.

ಮೈಸೂರಿನ ಕುದುರೆಪಡೆ ಹೈದರನ ಕಾಲದಿಂದಲೂ ಹೆಸರಾದದ್ದು. 1892ರಲ್ಲಿ ಅದನ್ನು ಹೊಸದಾಗಿ ಕಟ್ಟಿ ಎರಡು ಮಾಡಿದರು. ಒಂದು ಮೈಸೂರಿನಲ್ಲೇ ಉಳಿಯುವುದು. ಇನ್ನೊಂದು ಬೆಂಗಳೂರಿನಲ್ಲಿದ್ದು, ಸಾಮ್ರಾಜ್ಯಕ್ಕೆ ಬೇಕಾದಾಗ ಹೊರಗೆ ಹೋಗಿ ಕಾದುವುದು. ಸಂಬಳ, ಮೇವು, ಬಟ್ಟೆ ಎಲ್ಲ ಮಹಾರಾಜರ ಖಜಾನೆಯದು. ಯುದ್ಧದ ಯೋಜನೆ ಬ್ರಿಟಿಷರದು. ಈ ಎರಡನೆಯ ದಳವೇ ಲ್ಯಾನ್ಸರ್ಸ್. ಬಿದಿರಿನ ಉದ್ದನೆಯ ಈಟಿ ಹಿಡಿದ ಸವಾರರು. ಅವರಲ್ಲಿ ಅರಸು ಮನೆತನದವರಿದ್ದರು, ಮರಾಠರಿದ್ದರು, ದಖನಿ ಮಾತನಾಡುವ ಮುಸಲ್ಮಾನರು ಬಹಳ ಮಂದಿ ಇದ್ದರು. ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ಈ ದಳವನ್ನೂ ಕೊಟ್ಟರು. ರೆಜಿಮೆಂಟುದಾರ್ ಬಿ. ಚಾಮರಾಜ ಅರಸ್ ಅವರ ಕೈಕೆಳಗೆ ದಳ 1914ರ ಅಕ್ಟೋಬರಿನಲ್ಲಿ ಬೊಂಬಾಯಿಯ ಕಡೆ ಹೊರಟಿತು.

ಆಗ ನಮ್ಮ ಹೊಸಪೇಟೆ, ಕಂಪ್ಲಿ ಮೈಸೂರಿಗೆ ಸೇರಿದ್ದವಲ್ಲ. ಬಳ್ಳಾರಿ ಜಿಲ್ಲೆ ಮದ್ರಾಸು ಪ್ರಾಂತ್ಯದ್ದು, ಸಂಡೂರು ತನ್ನದೇ ರಾಜನಿದ್ದ ಪುಟ್ಟ ಸಂಸ್ಥಾನ. ಆದರೂ ಆ ಸವಾರರು ನನಗೆ ಬೇರೆಯವರೆನಿಸುವುದಿಲ್ಲ. ಕುದುರೆಯ ಜೊತೆ ಬದುಕಿದವನ ದಿನಚರಿ ಮೈಸೂರಿನಲ್ಲೂ ಒಂದೇ, ಹೊಸಪೇಟೆಯಲ್ಲೂ ಒಂದೇ. ನಸುಕಿಗೇ ಏಳಬೇಕು. ಮೊದಲು ಲದ್ದಿ ಬಳಿಯಬೇಕು. ರಾತ್ರಿ ನೆನೆಹಾಕಿದ ಹುರುಳಿ ಬಸಿದು ಬಾಯಿಗೆ ಚೀಲ ಕಟ್ಟಬೇಕು. ಮೈ ತಿಕ್ಕಬೇಕು. ಆಮೇಲೆ ನಾಲ್ಕೂ ಕಾಲು ಒಂದೊಂದಾಗಿ ಎತ್ತಿ ಗೊರಸು ನೋಡಬೇಕು, ಕಲ್ಲು ಸಿಕ್ಕಿದೆಯೇ, ಲಾಳದ ಮೊಳೆ ಸಡಿಲವಾಗಿದೆಯೇ ಎಂದು. ನಮ್ಮಪ್ಪ ಎಡಗಾಲು ಎತ್ತುವಾಗ ಕುದುರೆಯ ಹೊಟ್ಟೆಗೆ ತನ್ನ ಭುಜ ಆನಿಸಿ, ಅದಕ್ಕೆ ಮಾತ್ರ ಕೇಳುವಂತೆ ಏನೋ ಗೊಣಗುತ್ತಿದ್ದರು. ನನ್ನನ್ನು ಕಂಡರೆ ಒಂದೇ ಮಾತು: “ಕುದ್ರಿಗೆ ನೀರು ಕುಡಿಸ್ದೆ ನೀ ಉಣ್ಣಾಕ ಕುಂದ್ರಬ್ಯಾಡಲೇ.” ಯುದ್ಧದ ಪುಸ್ತಕಗಳನ್ನು ಓದುವಾಗ ನನಗೆ ಎದ್ದು ಕಂಡದ್ದೂ ಇದೇ. ಸೇನಾಪತಿಗಳ ನಕ್ಷೆಗಳಲ್ಲಿ ಬಾಣದ ಗುರುತುಗಳಿರುತ್ತವೆ. ಆದರೆ ಮರುಭೂಮಿಯಲ್ಲಿ ದಂಡು ಎಲ್ಲಿಯವರೆಗೆ ಹೋಗಬಹುದು ಎಂದು ನಿಶ್ಚಯಿಸುತ್ತಿದ್ದುದು ಮುಂದಿನ ಬಾವಿ.

ಈಜಿಪ್ಟಿನಲ್ಲಿ ಮೈಸೂರಿನವರ ಪಾಲಿಗೆ ಮೊದಲು ಬಂದದ್ದು ಸೂಯೆಜ್ ಕಾಲುವೆಯ ಕಾವಲು. 1915ರ ಫೆಬ್ರವರಿಯಲ್ಲಿ ತುರ್ಕರು ಕಾಲುವೆ ದಾಟಲು ನೋಡಿ ಸೋತು ಹಿಂದೆ ಸರಿದರು. ಆಮೇಲಿನ ಎರಡು ವರ್ಷ ಉಸುಕಿನಲ್ಲಿ ಗಸ್ತು, ಧೂಳು, ನೊಣ, ಕಾಯುವಿಕೆ. ವೀರಗಾಥೆಗೆ ಬೇಕಾದದ್ದು ಅದರಲ್ಲಿ ಏನೂ ಇಲ್ಲ. ಆದರೆ ಪರದೇಶದಲ್ಲಿ ಸೈನಿಕನ ಆಯುಷ್ಯ ಹೆಚ್ಚು ಸವೆಯುವುದು ಅಲ್ಲೇ. 1917ರ ನವೆಂಬರ್ 7ರಂದು ಗಾಜಾ ಬಿದ್ದಾಗ ಪಾಳುಬಿದ್ದ ಆ ಊರನ್ನು ದಾಟಿ ಮುಂದೆ ಹೋದ ಕುದುರೆಪಡೆಯಲ್ಲಿ ಇವರಿದ್ದರು. ಹೈದರಾಬಾದ್ ಲ್ಯಾನ್ಸರ್ಸ್ ಜೊತೆಗಿದ್ದರು. 1918ರಲ್ಲಿ ಜೋಧಪುರದವರೂ ಬಂದು ಸೇರಿದರು. ದಂಡಿಗೆ 15ನೆಯ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಎಂದು ಹೆಸರಾಯಿತು. ಇಡೀ ‘ಡೆಸರ್ಟ್ ಮೌಂಟೆಡ್ ಕೋರ್’ ಎಂಬ ಮಹಾ ಕುದುರೆಪಡೆಯ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಹ್ಯಾರಿ ಷೊವೆಲ್. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನವನು, ಒಂದು ಕೋರ್ ನಡೆಸಿದ ಮೊದಲ ಆಸ್ಟ್ರೇಲಿಯನ್. ಮೈಸೂರಿನ ಸವಾರ ಹೀಗೆ ಆಸ್ಟ್ರೇಲಿಯಾದ ದನಗಾಹಿ ಹುಡುಗನ ಜೊತೆ ಒಬ್ಬನೇ ದಂಡನಾಯಕನ ಕೈಕೆಳಗೆ ಬಂದ.

1918ರ ಬೇಸಿಗೆಯನ್ನು ಈ ಎರಡೂ ಕಡೆಯವರು ಜೋರ್ಡನ್ ಕಣಿವೆಯಲ್ಲಿ ಕಳೆದರು. ಸಮುದ್ರ ಮಟ್ಟಕ್ಕಿಂತ ಸಾವಿರ ಅಡಿಗೂ ಕೆಳಗಿರುವ ತಗ್ಗು ಅದು. ಬಿಸಿಲು, ಸುಣ್ಣದಂಥ ಬಿಳಿ ಧೂಳು, ಮಲೇರಿಯಾ. ಗುಂಡಿಗಿಂತ ಜ್ವರಕ್ಕೆ ಮಲಗಿದವರೇ ಹೆಚ್ಚು. ಜುಲೈ 14ರ ಬೆಳಗಿನ ಜಾವ ಜರ್ಮನ್ ಮತ್ತು ತುರ್ಕಿ ಪಡೆಗಳು ಒಟ್ಟಿಗೆ ಮೇಲೆ ಬಿದ್ದವು. ಅಬು ತೆಲ್ಲುಲ್ ದಿಣ್ಣೆಯಲ್ಲಿ ಆಸ್ಟ್ರೇಲಿಯಾದವರು ಸುತ್ತುವರಿದರೂ ಕದಲದೆ ನಿಂತು ಅವರನ್ನು ಹಿಮ್ಮೆಟ್ಟಿಸಿದರು. ಅದೇ ದಿನ ಅದೇ ಕಣಿವೆಯ ಇನ್ನೊಂದು ಬದಿಯಲ್ಲಿ, ಹೆನು ಎಂಬ ಹೊಳೆದಾಟಿನ ಹತ್ತಿರ, ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರುಗಳು ಈಟಿ ಹಿಡಿದು ತುರ್ಕಿ ಕುದುರೆಪಡೆಯ ಮೇಲೆ ನುಗ್ಗಿ ಅದನ್ನು ಚೆದುರಿಸಿದರು. ಆಸ್ಟ್ರೇಲಿಯಾದವರು ಬರೆದ ಯುದ್ಧ ಚರಿತ್ರೆಗಳಲ್ಲಿ ಈ ದಿನಕ್ಕೆ ದೊಡ್ಡ ಸ್ಥಾನವಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ನಾನು ಪಾಠ ಮಾಡಿದಷ್ಟು ಕಾಲವೂ ಒಂದು ಸಾಲು ಕಾಣಲಿಲ್ಲ.

ಇನ್ನು ಹೈಫಾ. ಇದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಹೈಫಾ ಎಂದ ಕೂಡಲೇ ‘ಮೆಷಿನ್ ಗನ್ನಿಗೆ ಎದೆಯೊಡ್ಡಿ ಕುದುರೆ ಓಡಿಸಿದರು’ ಎನ್ನುವ ಒಂದು ಚಿತ್ರ ಮಾತ್ರ ಜನರ ಮನಸ್ಸಿನಲ್ಲಿದೆ. ಆ ಚಿತ್ರದಲ್ಲಿ ಜೋಧಪುರದವರಿದ್ದಾರೆ. ಮೈಸೂರಿನವರು ಮಾಡಿದ ಕೆಲಸ ಅದರಲ್ಲಿ ಇಲ್ಲ.

1918ರ ಸೆಪ್ಟೆಂಬರ್ 19ರಂದು ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ದೊಡ್ಡ ದಾಳಿ ಶುರುವಾಯಿತು. ಕಾಲಾಳುಗಳು ಸಮುದ್ರದಂಚಿನಲ್ಲಿ ತುರ್ಕರ ಸಾಲು ಮುರಿದರು, ಆ ಸಂದಿನಲ್ಲಿ ಕುದುರೆಪಡೆ ನುಗ್ಗಿ ಒಂದೇ ಹಗಲು ರಾತ್ರಿಯಲ್ಲಿ ಶತ್ರುವಿನ ಬೆನ್ನ ಹಿಂದಕ್ಕೆ ಹೋಯಿತು. ಹೈಫಾ ಬಂದರು ಬೇಕೇ ಬೇಕಿತ್ತು. ಮುಂದೆ ಹೋಗುವ ಸೈನ್ಯಕ್ಕೆ ಅನ್ನ, ಮೇವು ಇಳಿಯುವುದು ಅಲ್ಲಿಂದ. 22ರಂದು ಶಸ್ತ್ರಸಜ್ಜಿತ ಮೋಟಾರುಗಳಲ್ಲಿ ಹೋದ ಸಣ್ಣ ತುಕಡಿಯನ್ನು ಬೆಟ್ಟದ ಮೇಲಿನ ಫಿರಂಗಿಗಳು ಹಿಂದಟ್ಟಿದವು. 23ರ ಬೆಳಿಗ್ಗೆ ಬ್ರಿಗೇಡಿಯರ್ ಜನರಲ್ ಹಾರ್ಬೊರ್ಡ್‌ನ 15ನೆಯ ಬ್ರಿಗೇಡ್ ಹೊರಟಿತು.

ಊರಿಗೆ ಹೋಗುವ ದಾರಿಯನ್ನು ಕಣ್ಣಿಗೆ ತಂದುಕೊಳ್ಳಿ. ಎಡಕ್ಕೆ ಕಾರ್ಮೆಲ್ ಬೆಟ್ಟ, ಬಲಕ್ಕೆ ಕಿಷೊನ್ ಹೊಳೆಯ ಜೌಗು, ನಡುವೆ ರಸ್ತೆ ಮತ್ತು ರೈಲು ಹಳಿ ಹೋಗುವಷ್ಟು ಮಾತ್ರ ಜಾಗ. ಬೆಟ್ಟದ ಮೇಲೆ ಫಿರಂಗಿ, ಇಳಿಜಾರಿನಲ್ಲಿ ಮೆಷಿನ್ ಗನ್. ಬೆಟ್ಟದ ಬುಡದ ಬಲದ್ ಅಲ್ ಶೇಖ್ ಹಳ್ಳಿಯ ಹತ್ತಿರ ಬರುತ್ತಲೇ ಮುಂದಿದ್ದ ಮೈಸೂರಿನವರ ಮೇಲೆ ಗುಂಡು ಬೀಳತೊಡಗಿತು. ಆ ಫಿರಂಗಿಗಳ ಬಾಯಿ ಮುಚ್ಚಿಸದೆ ಕೆಳಗಿನ ದಾರಿಯಲ್ಲಿ ಯಾರೂ ಬದುಕಿ ಊರು ತಲುಪುವಂತಿರಲಿಲ್ಲ. ಆ ಕೆಲಸ ಮೈಸೂರಿನ ಪಾಲಿಗೆ ಬಂತು. ಒಂದು ಸ್ಕ್ವಾಡ್ರನ್, ಜೊತೆಗೆ ಎರಡು ಮೆಷಿನ್ ಗನ್, ಕಡಿದಾದ ಕಾಲುದಾರಿ ಹಿಡಿದು ಬೆಟ್ಟ ಹತ್ತಿತು.

ಹಂಪಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಮಾತಂಗ ಬೆಟ್ಟದ ಬಂಡೆಗಳ ಸಂದಿಯಲ್ಲಿ ಜೀನು ಬಿಗಿದ ಕುದುರೆಯನ್ನು ಹತ್ತಿಸಿದ ಹಾಗೆ. ಲಾಳ ಹೊಡೆದ ಗೊರಸು ಬಂಡೆಯ ಮೇಲೆ ಜಾರುತ್ತದೆ. ಕುದುರೆ ಒಂದು ಸಲ ಜಾರಿದರೆ ಮುಂದಿನ ಹೆಜ್ಜೆ ಇಡಲು ಒಲ್ಲೆ ಎನ್ನುತ್ತದೆ. ಸವಾರ ಇಳಿದು ಮುಂದೆ ನಡೆಯಬೇಕು, ಲಗಾಮು ಜಗ್ಗದೆ ನಂಬಿಸಿ ಕರೆಯಬೇಕು. ಇದನ್ನೆಲ್ಲ ಫಿರಂಗಿಯ ಸದ್ದಿನ ನಡುವೆ, ಸೆಪ್ಟೆಂಬರಿನ ಬಿಸಿಲಲ್ಲಿ, ನಾಲ್ಕು ದಿನದಿಂದ ಸರಿಯಾಗಿ ಜೀನು ಇಳಿಸದ ಕುದುರೆಗಳೊಂದಿಗೆ ಮಾಡಬೇಕಿತ್ತು. ಷೆರ್ವುಡ್ ರೇಂಜರ್ಸ್ ಎಂಬ ಇಂಗ್ಲಿಷ್ ದಳದ ಒಂದು ಸ್ಕ್ವಾಡ್ರನ್ ಇವರ ನೆರವಿಗೆ ಹಿಂದಿನಿಂದ ಬಂತು.

ಮಧ್ಯಾಹ್ನ ಎರಡು ಗಂಟೆಗೆ ಎಲ್ಲ ಕಡೆಯಿಂದ ಒಟ್ಟಿಗೆ ದಾಳಿ. ಕೆಳಗೆ ಜೋಧಪುರದವರು ಹೊಳೆಯ ಕಡೆ ಹೊರಟರು. ಹೊಳೆಯ ದಂಡೆ ಕಾಲಿಟ್ಟಲ್ಲೆಲ್ಲ ಹೂಳುವ ಕೆಸರು, ದಾರಿ ನೋಡಲು ಹೋದ ಕುದುರೆಗಳು ಅದರಲ್ಲಿ ಸಿಕ್ಕಿಕೊಂಡವು. ಅವರು ಎಡಕ್ಕೆ ತಿರುಗಿ ಬೆಟ್ಟದ ಬುಡದ ಮೆಷಿನ್ ಗನ್ನುಗಳ ಮೇಲೆಯೇ ಏರಿ ಹೋದರು. ಅವರ ಮುಂದಾಳು ಮೇಜರ್ ದಳಪತ್ ಸಿಂಗ್ ಶೇಖಾವತ್‌ಗೆ ಗುಂಡು ತಗುಲಿದ್ದು ಅಲ್ಲೇ. ಆತ ಉಳಿಯಲಿಲ್ಲ. ಮೇಲೆ ಬೆಟ್ಟದ ನೆತ್ತಿಯಲ್ಲಿ ಮೈಸೂರಿನವರು ಕುದುರೆ ಹಿಡಿಯಲು, ಗುಂಡಿನ ಆಸರೆ ಕೊಡಲು ಅಲ್ಲಲ್ಲಿ ಮಂದಿಯನ್ನು ಬಿಡುತ್ತ ಬಂದದ್ದರಿಂದ ಕೊನೆಯಲ್ಲಿ ಕುದುರೆಯ ಮೇಲೆ ಉಳಿದವರು ಸುಮಾರು 15 ಮಂದಿ. ಆ ಹದಿನೈದು ಮಂದಿ ಫಿರಂಗಿಗಳ ಮೇಲೆ ನುಗ್ಗಿದರು. ದೊಡ್ಡ ನೌಕಾ ಫಿರಂಗಿ ಅವರ ಕೈಸೇರಿತು, ಬೆಟ್ಟದ ಮೇಲಿದ್ದ ಪಡೆ ಕೈಯೆತ್ತಿತು. ಕೆಳಗೆ, ಅಲ್ಲಿಯವರೆಗೆ ಗುಂಡಿನ ಆಸರೆ ಕೊಡುತ್ತಿದ್ದ ಮೈಸೂರಿನ ಉಳಿದ ಸವಾರರೂ ಕುದುರೆ ಹತ್ತಿ ಜೋಧಪುರದವರ ಹಿಂದೆ ಊರು ಹೊಕ್ಕರು. ಸಂಜೆಯೊಳಗೆ ಹೈಫಾ ಬಿದ್ದಿತ್ತು.

ಆ ದಿನ 1,350 ಮಂದಿ ಸೆರೆಯಾದರು. 17 ಫಿರಂಗಿ, 11 ಮೆಷಿನ್ ಗನ್ ಸಿಕ್ಕವು. ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಸತ್ತದ್ದು 60, ಗಾಯಗೊಂಡದ್ದು 83. ಮನುಷ್ಯರಿಗಿಂತ ಎಷ್ಟೋ ಪಾಲು ಹೆಚ್ಚು ಕುದುರೆಗಳು ಬಿದ್ದವು. ಗುಂಡು ಮೊದಲು ತಾಗಿದ್ದು ಅವಕ್ಕೆ, ಅವು ತಗೊಂಡ ಗುಂಡಿನಿಂದ ಉಳಿದವರು ಅವುಗಳ ಸವಾರರು. ಈ ಅಂಕಿಗಳನ್ನು ಯಾರಾದರೂ ಬರೀ ವಿಜಯದ ಲೆಕ್ಕವಾಗಿ ಓದಿದರೆ ನನಗೆ ಸಂಕಟವಾಗುತ್ತದೆ.

ಹೈಫಾದಿಂದ ಉತ್ತರಕ್ಕೆ ಓಟ. ಅಕ್ಟೋಬರ್ 1ರಂದು ಡಮಾಸ್ಕಸ್ ಬಿತ್ತು, ಮೊದಲು ಒಳಹೊಕ್ಕವರಲ್ಲಿ ಆಸ್ಟ್ರೇಲಿಯಾದ 10ನೆಯ ಲೈಟ್ ಹಾರ್ಸ್. ಮೈಸೂರಿನ ದಂಡು ಇನ್ನೂ ಮುಂದೆ, ಅಲೆಪ್ಪೊವರೆಗೆ ಹೋಯಿತು. ಅಕ್ಟೋಬರ್ 26ರಂದು ಅಲೆಪ್ಪೊ ಆಚೆಯ ಹರಿತಾನ್‌ನಲ್ಲಿ ಹಿಂದೆ ಸರಿಯುತ್ತಿದ್ದ ತುರ್ಕಿ ಪಡೆಯ ಮೇಲೆ ಮೈಸೂರು, ಜೋಧಪುರದವರು ಮತ್ತೆ ನುಗ್ಗಿದರು. ಎದುರಿನ ಸೈನ್ಯದ ಮುಖ್ಯಸ್ಥ ಮುಸ್ತಫಾ ಕೆಮಾಲ್, ಮುಂದೆ ತುರ್ಕಿಯ ಮೊದಲ ಅಧ್ಯಕ್ಷನಾದವನು. ಶತ್ರುಗಳ ಸಂಖ್ಯೆ ಎಣಿಸಿದ್ದಕ್ಕಿಂತ ಬಹಳ ದೊಡ್ಡದಿತ್ತು. ಹೈಫಾಕ್ಕಿಂತ ಹೆಚ್ಚು ಮಂದಿ ಇಲ್ಲಿ ಸತ್ತರು, ಬ್ರಿಗೇಡಿನಲ್ಲಿ 21 ಜನ. ನಾಲ್ಕೇ ದಿನಕ್ಕೆ ತುರ್ಕಿ ಯುದ್ಧವಿರಾಮಕ್ಕೆ ಸಹಿ ಹಾಕಿತು. ಹೈಫಾವನ್ನು ಕೊಂಡಾಡುವ ಸಭೆಗಳಲ್ಲಿ ಹರಿತಾನ್ ಹೆಸರು ಬರುವುದೇ ಇಲ್ಲ. ಆ 21 ಜನರನ್ನು ಬಿಟ್ಟು ಮಾಡುವ ಸ್ಮರಣೆ ಅರ್ಧ ಸ್ಮರಣೆ.

ಇದು ಯಾರ ಯುದ್ಧ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಕೇಳಲೇಬೇಕಾದ ಪ್ರಶ್ನೆ. ಇದು ನಮ್ಮ ಯುದ್ಧವಾಗಿರಲಿಲ್ಲ. ಸಾಮ್ರಾಜ್ಯಗಳು ನೆಲ ಹಂಚಿಕೊಳ್ಳಲು ಮಾಡಿದ ಯುದ್ಧದಲ್ಲಿ ನಮ್ಮ ಹಣ, ನಮ್ಮ ಜನ, ನಮ್ಮ ಕುದುರೆ ಹೋಯಿತು. ಸ್ವಾತಂತ್ರ್ಯದ ಮಾತು ಎತ್ತಿದವರಿಗೆ 1919ರಲ್ಲಿ ಅದೇ ಸಾಮ್ರಾಜ್ಯ ಜಲಿಯನ್‌ವಾಲಾಬಾಗ್ ತೋರಿಸಿತು. ಮೈಸೂರಿನ ಮುಸಲ್ಮಾನ ಸವಾರನ ಕಷ್ಟ ಇನ್ನೂ ದೊಡ್ಡದು. ಎದುರಿಗಿದ್ದುದು ಖಲೀಫನ ಸೈನ್ಯ. ಆದರೂ ಆ ಸವಾರ ಉಂಡ ಉಪ್ಪಿಗೆ ಎರಡು ಬಗೆಯಲಿಲ್ಲ. ನಮ್ಮ ನೆಲದಲ್ಲಿ ಇದು ಹೊಸದೂ ಅಲ್ಲ. ಇಮ್ಮಡಿ ದೇವರಾಯ ಹದಿನೈದನೆಯ ಶತಮಾನದಲ್ಲೇ ಮುಸಲ್ಮಾನ ಸವಾರರನ್ನು, ಬಿಲ್ಲುಗಾರರನ್ನು ತನ್ನ ದಂಡಿಗೆ ಸೇರಿಸಿಕೊಂಡಿದ್ದ. ಅವನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಧರ್ಮಸಾಲೆ ಹಂಪಿಯಲ್ಲಿ ಇಂದಿಗೂ ನಿಂತಿದೆ. ಯುದ್ಧ ತಪ್ಪಿರಬಹುದು. ಹೋದ ಸವಾರನ ನಿಯತ್ತು ತಪ್ಪಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಲು ಬಾರದವನು ಚರಿತ್ರೆ ಪಾಠ ಮಾಡಬಾರದು ಎಂಬುದು ನನ್ನ ನಂಬಿಕೆ.

ಆ ಯುದ್ಧದ ಇನ್ನೊಂದು ತುದಿ ನಮ್ಮ ಬಳ್ಳಾರಿಯಲ್ಲೇ ಇತ್ತು. ಸೆರೆ ಸಿಕ್ಕ ತುರ್ಕಿ ಸೈನಿಕರನ್ನು ಹಿಂದುಸ್ತಾನ, ಬರ್ಮಾಗಳ ಶಿಬಿರಗಳಲ್ಲಿ ಇಟ್ಟಿದ್ದರು. ಬಳ್ಳಾರಿಯೂ ಅವುಗಳಲ್ಲೊಂದು. 1917ರಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್‌ನವರು ಅಲ್ಲಿಗೆ ಬಂದು ಅವರ ಊಟ, ವಸತಿ, ಆರೋಗ್ಯ ನೋಡಿ ವರದಿ ಬರೆದರು. ಕನ್ನಡದ ಸವಾರ ತುರ್ಕಿಯ ನೆಲದಲ್ಲಿ, ತುರ್ಕಿಯ ಸೈನಿಕ ಕನ್ನಡದ ನೆಲದಲ್ಲಿ. ಇಬ್ಬರಿಗೂ ಮನೆಯಿಂದ ಬರುವ ಕಾಗದವೇ ದೊಡ್ಡ ಆಸೆ.

ಕುದುರೆಗಳ ಗತಿಯನ್ನೂ ಹೇಳಬೇಕು. ಯುದ್ಧಕ್ಕೆ ಆಸ್ಟ್ರೇಲಿಯಾದಿಂದ ಹೊರಗೆ ಹೋದ 1,30,000ಕ್ಕೂ ಹೆಚ್ಚು ಕುದುರೆಗಳಲ್ಲಿ ತಾಯ್ನೆಲಕ್ಕೆ ಮರಳಿದ್ದು ಒಂದೇ ಒಂದು, ಸತ್ತ ಜನರಲ್ ಬ್ರಿಡ್ಜಸ್‌ನ ಸ್ಯಾಂಡಿ. ರೋಗ ತರುತ್ತವೆ, ಸಾಗಿಸಲು ಖರ್ಚು ಎಂಬುದು ಕಾರಣ. ಮುದಿಯಾದವನ್ನು, ಗಾಯಗೊಂಡವನ್ನು ಗುಂಡಿಟ್ಟು ಕೊಂದರು. ಗಟ್ಟಿಯಾಗಿದ್ದ ಬಹಳಷ್ಟನ್ನು ಭಾರತದ ಸೈನ್ಯಕ್ಕೆ ಕೊಟ್ಟರು. ಆಸ್ಟ್ರೇಲಿಯಾದ ಹೆಸರಾಂತ ಕವಿ ಬ್ಯಾಂಜೊ ಪ್ಯಾಟರ್ಸನ್ ಈಜಿಪ್ಟಿನಲ್ಲಿ ಹೊಸ ಕುದುರೆಗಳನ್ನು ಪಳಗಿಸುವ ದಳದ ಅಧಿಕಾರಿಯಾಗಿದ್ದವನು. 5ನೆಯ ಲೈಟ್ ಹಾರ್ಸ್‌ನ ಸಾಮಾನ್ಯ ಸವಾರ ಅಯಾನ್ ಇಡ್ರಿಸ್ ಯುದ್ಧದ ದಿನಗಳಲ್ಲಿ ದಿನಚರಿ ಬರೆದು 1932ರಲ್ಲಿ ಪುಸ್ತಕ ಮಾಡಿದ. ಇಂಥವರು ಬರೆದಿಟ್ಟದ್ದರಿಂದ ಆ ನಾಡಿನ ಮಕ್ಕಳಿಗೆ ತಮ್ಮ ಸವಾರರ ಉಸಿರು, ಬೈಗುಳ, ಹಸಿವು ಎಲ್ಲ ಗೊತ್ತಾಗುತ್ತದೆ.

ನಮ್ಮಲ್ಲಿ ಉಳಿದಿರುವುದು ಹೆಚ್ಚಾಗಿ ಕಲ್ಲು ಮತ್ತು ಕಂಚು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂವರು ಸೈನಿಕರು ಹೈದರಾಬಾದ್, ಮೈಸೂರು, ಜೋಧಪುರದವರು. 1922ರಲ್ಲಿ ನಿಲ್ಲಿಸಿದ್ದು, ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್. 2018ರಲ್ಲಿ ಅದಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂದು ಹೆಸರಿಟ್ಟರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ. 1953ರಲ್ಲಿ ಸಂಸ್ಥಾನಗಳ ಕುದುರೆ ದಳಗಳನ್ನು ಸೇರಿಸಿ 61ನೆಯ ಕ್ಯಾವಲ್ರಿ ಕಟ್ಟಿದಾಗ ಮೈಸೂರಿನ ದಳವೂ ಅದರಲ್ಲಿ ಸೇರಿತು. ಅದೇ ವರ್ಷ ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸೆಪ್ಟೆಂಬರ್ 23ನ್ನು ಸೈನ್ಯ ಪ್ರತಿ ವರ್ಷ ಹೈಫಾ ದಿನವೆಂದು ಆಚರಿಸುತ್ತದೆ. ಇವೆಲ್ಲ ಬೇಕಾದವೇ. ಆದರೆ ಸ್ಮಾರಕದಲ್ಲಿ ದಳದ ಹೆಸರಿರುತ್ತದೆ. ಆ ಹದಿನೈದು ಮಂದಿಯಲ್ಲಿ ಒಬ್ಬನು ಯಾವ ಹಳ್ಳಿಯವನು, ಮನೆಗೆ ಏನು ಬರೆದ, ಮರಳಿ ಬಂದ ಮೇಲೆ ಹೊಲ ಸಿಕ್ಕಿತೇ, ಮಕ್ಕಳು ಏನಾದರು ಎಂಬುದನ್ನು ಕಂಚು ಹೇಳುವುದಿಲ್ಲ.

ಅದನ್ನು ಹೇಳಬಲ್ಲವರು ಓದುಗರೇ, ನೀವು. ಬೆಂಗಳೂರು, ಮೈಸೂರು, ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಮನೆಗಳಲ್ಲಿ, ಅಲ್ಲಿಂದ ನಮ್ಮ ಕಡೆಗೆ ಬಂದು ನೆಲೆಸಿದವರ ಮನೆಗಳಲ್ಲಿ, ಹಳೆಯ ಟ್ರಂಕಿನಲ್ಲೋ ಅಜ್ಜಿಯ ಸಂದೂಕಿನಲ್ಲೋ ಒಂದು ಬೆಳ್ಳಿಯ ಪದಕ ಇದ್ದರೆ ಅದನ್ನು ಹೊರತೆಗೆಯಿರಿ. ರೂಪಾಯಿಗಿಂತ ದೊಡ್ಡದು, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆಯ ಮೇಲೆ ಕುಳಿತ ಬೆತ್ತಲೆ ಸವಾರ. ಅದರ ಮುಖ ನೋಡಬೇಡಿ, ಅಂಚು ನೋಡಿ. ಸೈನಿಕನ ಹೆಸರು, ಹುದ್ದೆ, ದಳದ ಹೆಸರು ಆ ತೆಳುವಾದ ಅಂಚಿನ ಮೇಲೆ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ತಿಕ್ಕಿ ಹೊಳಪು ಮಾಡಲು ಹೋಗಬೇಡಿ, ಅಕ್ಷರ ಸವೆಯುತ್ತದೆ. ಕರಗಿಸಲು ಅಕ್ಕಸಾಲಿಗನಿಗೆ ಕೊಡಬೇಡಿ. ಫೋಟೊ ತೆಗೆಯಿರಿ, ಹೆಸರು ಬರೆದುಕೊಳ್ಳಿ, ಮನೆಯ ಹಿರಿಯರು ಹೇಳುವುದನ್ನು ಅವರ ಮಾತಿನಲ್ಲೇ ದಾಖಲಿಸಿಕೊಳ್ಳಿ. ಸತ್ತವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಯಾರು ಬೇಕಾದರೂ ಖರ್ಚಿಲ್ಲದೆ ಹುಡುಕಬಹುದು. ಉಳಿದು ಬಂದವರ ಸುದ್ದಿ ಬರೆದು ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಗೆ ಒಂದು ಪ್ರತಿ ಕೊಡಿ, ನಿಮ್ಮ ಊರಿನ ಶಾಲೆಯ ಚರಿತ್ರೆ ಮೇಷ್ಟ್ರಿಗೆ ಒಂದು ಪ್ರತಿ ಕೊಡಿ.